ವಿದ್ಯುಚ್ಚಾಲಿತ ಸೂಕ್ಷ್ಮಪಂಪು

ಕೂದಲೆಳೆಯಷ್ಟು ಅಥವಾ ಅದಕ್ಕಿಂತಲೂ ಕಿರಿದಾದ ನಾಳಗಳಲ್ಲಿ, ಮೈಕ್ರೋಲೀಟರುಗಳಲ್ಲಿ ಅಳೆಯತಕ್ಕ ಅತ್ಯಲ್ಪ ಪ್ರಮಾಣದ ದ್ರವವನ್ನು ವಿದ್ಯುಚ್ಛಕ್ತಿಯ ಬಲದಿಂದ ನಿಯತ ದಿಕ್ಕಿನಲ್ಲಿ ನಿಯತ ವೇಗದಿಂದ ಹರಿಯಿಸುವ ಸಾಧನಕ್ಕೆ ವಿದ್ಯುಚ್ಚಾಲಿತ ಸೂಕ್ಷ್ಮಪಂಪು ಎಂದು ಹೆಸರು. ರಕ್ತ, ಮೂತ್ರ, ಕುಡಿಯುವ ನೀರು ಮೊದಲಾದವುಗಳನ್ನು ಅಂಗೈಯಗಲದ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಬಿಲ್ಲೆಯೊಂದರ ಮೇಲೆಯೇ ಪರೀಕ್ಷಿಸಬಲ್ಲ ಸೂಕ್ಷ್ಮದ್ರವ ಸಾಧನಗಳಲ್ಲಿ ಇದು ಹೃದಯಸ್ಥಾನದಲ್ಲಿರುವ ಅಂಗ. ತೋಟದ ಬಾವಿಯ ಪಂಪಿನಲ್ಲಿರುವಂತೆ ತಿರುಗುವ ಚಕ್ರವಾಗಲಿ ಮೋಟಾರಾಗಲಿ ಇದರ ಬಹುತೇಕ ಪ್ರಭೇದಗಳಲ್ಲಿ ಇಲ್ಲ. ಕೆಲವು ಪ್ರಭೇದಗಳಲ್ಲಿ ಚಲಿಸುವ ಭಾಗವೇ ಇಲ್ಲ.

ಪರಿಭಾಷೆ

ಒಂದರಿಂದ ಕೆಲವು ನೂರು ಮೈಕ್ರೋಮೀಟರ್ ಅಗಲದ ನಾಳಗಳುಳ್ಳ ಉಪಕರಣವನ್ನು ಈ ಲೇಖನದಲ್ಲಿ ಸೂಕ್ಷ್ಮದ್ರವ ಸಾಧನವೆಂದೂ, ಘನವಸ್ತುವಿನ ಮೈಯನ್ನು ತಾಗಿ ನಿಂತ ದ್ರವವು ವಿದ್ಯುತ್ ಕ್ಷೇತ್ರದ ಸೆಳೆತಕ್ಕೆ ಸಿಕ್ಕಿ ಹರಿಯುವುದನ್ನು ವಿದ್ಯುದಭಿಸರಣೆಯೆಂದೂ ಕರೆಯಲಾಗಿದೆ. ಸಸ್ಯದ ಬೇರು ನೀರನ್ನು ಹೀರುವಲ್ಲಿ ಕಾಣುವ ಸಾಮಾನ್ಯ ಅಭಿಸರಣೆಯು ದ್ರಾವಣಗಳ ಸಾಂದ್ರತೆಯ ವ್ಯತ್ಯಾಸದಿಂದ ಉಂಟಾಗತಕ್ಕದ್ದಾದುದರಿಂದ, ಹೆಸರಿನ ಸಾಮ್ಯದ ಹೊರತು ಇವೆರಡಕ್ಕೂ ಕಾರಣದಲ್ಲಿ ಸಂಬಂಧವಿಲ್ಲ. ದ್ರವವು ನಿಂತಿರಲು ಅದರೊಳಗಿನ ಕಣಗಳು ಮಾತ್ರ ಕ್ಷೇತ್ರದಲ್ಲಿ ಚಲಿಸಿದರೆ ಅದು ಎಲೆಕ್ಟ್ರೋಫೊರೆಸಿಸ್. ಘನವೂ ದ್ರವವೂ ಕೂಡುವೆಡೆಯಲ್ಲಿ ಎದುರುಬದುರಾಗಿ ನಿಲ್ಲುವ ವಿರುದ್ಧ ವಿದ್ಯುದಂಶಗಳ ಸಾಲುಗಳು ಜೋಡಿಪದರ. ಆ ಪದರದಲ್ಲಿ ದ್ರವವು ಜಾರತೊಡಗುವ ತಲದ ವಿಭವ ಝೀಟಾ ವಿಭವ.

ವಿಶ್ವಾಸಾರ್ಹತೆ ಎಂಬ ಮಾತಿಗೂ ಇಲ್ಲಿ ಖಚಿತವಾದ ಅರ್ಥವುಂಟು. ಪಂಪು ನಿಲ್ಲದೆ ನಡೆದರೆ ಸಾಲದು. ಹೇಳಿದ ದ್ರವದಲ್ಲಿ, ಹೇಳಿದ ಉಷ್ಣತೆಯ ವ್ಯಾಪ್ತಿಯಲ್ಲಿ, ಹೇಳಿದಷ್ಟು ಕಾಲ, ಅದರ ಹರಿವು ಹೇಳಿದ ಮಿತಿಯನ್ನು ಮೀರದೆ ಇರಬೇಕು. ಮೌನವಾಗಿ ಶೇ. 20ರಷ್ಟು ಕಡಿಮೆ ದ್ರವವನ್ನು ತಳ್ಳುವ ಪಂಪು, ನಿಂತೇಹೋದ ಪಂಪಿಗಿಂತ ಪರೀಕ್ಷಕನಿಗೆ ಹೆಚ್ಚು ಅಪಾಯಕಾರಿ. ಏಕೆಂದರೆ ಮೊದಲನೆಯದು ತಪ್ಪು ಉತ್ತರವನ್ನು ಸರಿಯೆಂಬಂತೆ ಕೊಡುತ್ತದೆ.

ಉಗಮ ಮತ್ತು ಇತಿಹಾಸ

ವೋಲ್ಟಾನ ವಿದ್ಯುತ್ಕೋಶಮಾಲೆ ಬೆಳಕಿಗೆ ಬಂದು ಏಳೆಂಟು ವರ್ಷಗಳೊಳಗೆ, ಮಾಸ್ಕೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫೆರ್ಡಿನಾಂಡ್ ರಾಯ್ಸ್ ಎಂಬಾತ ಬಾಗಿದ ಕೊಳವೆಯೊಂದರ ಅಡಿಯಲ್ಲಿ ಬೆಣಚುಕಲ್ಲಿನ ಪುಡಿಯನ್ನು ತುಂಬಿ, ಎರಡು ತೋಳುಗಳಲ್ಲೂ ನೀರೆರೆದು, ಅದರ ಮೂಲಕ ವಿದ್ಯುತ್ತನ್ನು ಹರಿಯಿಸಿದಾಗ ಋಣಾಗ್ರವಿದ್ದ ತೋಳಿನಲ್ಲಿ ನೀರಿನ ಮಟ್ಟ ಏರಿದುದನ್ನು ಕಂಡನು. ಈ ಶೋಧ 1809ರಲ್ಲಿ ಪ್ರಕಟವಾಯಿತು. 1852ರಲ್ಲಿ ಗುಸ್ತಾವ್ ವೀಡೆಮಾನ್ ಹೀಗೆ ಹರಿಯುವ ನೀರಿನ ಪ್ರಮಾಣ ಹರಿದ ವಿದ್ಯುತ್ ಪ್ರವಾಹಕ್ಕೆ ಅನುಪಾತದಲ್ಲಿರುತ್ತದೆಂದು ಸ್ಥಾಪಿಸಿದನು. ಅಂದು ಕೇವಲ ಪ್ರಾಯೋಗಿಕ ನಿಯಮವಾಗಿ ತೋರಿದ ಈ ಮಾತು ಇಂದು ವಿಶ್ವಾಸಾರ್ಹ ಪಂಪಿನ ನಿಯಂತ್ರಣಕ್ಕೆ ಆಧಾರವಾಗಿರುವುದನ್ನು ಮುಂದೆ ವಿವರಿಸಲಾಗುವುದು. ಜೋಡಿಪದರದ ಗಣಿತವನ್ನು 1879ರಲ್ಲಿ ಹೆಲ್ಮ್‌ಹೋಲ್ಟ್ಸ್ ಬರೆದನು; 1903ರಲ್ಲಿ ಪೋಲಿಷ್ ಭೌತವಿಜ್ಞಾನಿ ಸ್ಮೊಲುಕೋವ್ಸ್ಕಿ ಅದನ್ನು ಎಲ್ಲ ಆಕಾರದ ರಂಧ್ರಗಳಿಗೂ ಅನ್ವಯಿಸಿದನು. ಗೂಯಿ, ಚಾಪ್‌ಮನ್, ಸ್ಟರ್ನ್ ಎಂಬ ಮೂವರು 1910ರಿಂದ 1924ರೊಳಗೆ ಪದರದ ಒಳರಚನೆಯನ್ನು ತಿದ್ದಿದರು.

ಇದಾದ ಬಹುಕಾಲ ಈ ವಿದ್ಯಮಾನಕ್ಕೆ ಪಂಪಿನ ಪದವಿ ದೊರೆಯಲಿಲ್ಲ. 1930ರ ದಶಕದಲ್ಲಿ ಲಿಯೋ ಕಾಸಗ್ರಾಂಡೆ ಜರ್ಮನಿಯಲ್ಲಿ ಜಿಗುಟು ಮಣ್ಣಿನ ನೀರನ್ನು ಬಸಿಯಲು ಇದನ್ನು ಬಳಸಿದನು. 1974ರಲ್ಲಿ ಪ್ರಿಟೋರಿಯಸ್ ಮತ್ತು ಸಂಗಡಿಗರು, ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ಕ್ರೊಮ್ಯಾಟೋಗ್ರಫಿಯಲ್ಲಿ ದ್ರವವನ್ನು ಒತ್ತಡದ ಬದಲು ವಿದ್ಯುತ್ತಿನಿಂದ ನಡೆಸಬಹುದೆಂದು ಸೂಚಿಸಿದರು. 1981ರಲ್ಲಿ ಯೋರ್ಗನ್‌ಸನ್ ಮತ್ತು ಲೂಕಾಕ್ಸ್ ಗಾಜಿನ ಸೂಕ್ಷ್ಮನಾಳಗಳಲ್ಲಿ ಎಲೆಕ್ಟ್ರೋಫೊರೆಸಿಸನ್ನು ಸಾಧಿಸಿದರು. ಮತ್ತೊಂದು ದಾರಿಯಲ್ಲಿ, 1880ರಲ್ಲಿ ಕ್ಯೂರಿ ಸೋದರರು ಕಂಡ, ಹರಳನ್ನು ಒತ್ತಿದಾಗ ಹುಟ್ಟುವ ಪೀಜೋವಿದ್ಯುತ್ತನ್ನು ಆಧರಿಸಿ ನೆದರ್‌ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ವಾನ್ ಲಿಂಟೆಲ್ ತಂಡ 1988ರಲ್ಲಿ ಸಿಲಿಕಾನಿನ ಪಂಪನ್ನು ನಿರ್ಮಿಸಿತು. 1990ರಲ್ಲಿ ಆಂಡ್ರಿಯಾಸ್ ಮಾನ್ಜ್ ಮತ್ತು ಸಂಗಡಿಗರು ಮಾದರಿಯನ್ನು ಪಡೆಯುವುದರಿಂದ ಅಳತೆಯವರೆಗಿನ ಕಾರ್ಯವೆಲ್ಲವೂ ಒಂದೇ ಬಿಲ್ಲೆಯ ಮೇಲೆ ನಡೆಯಬೇಕೆಂಬ ಕಲ್ಪನೆಯನ್ನು ಮಂಡಿಸಿದ ಮೇಲೆ ಇವೆರಡು ಧಾರೆಗಳೂ ಕೂಡಿ ಸೂಕ್ಷ್ಮಪಂಪು ಸ್ವತಂತ್ರ ಅಧ್ಯಯನದ ವಸ್ತುವಾಯಿತು.

ಕಾರ್ಯತತ್ತ್ವ

ನೀರನ್ನು ತಾಗಿದ ಗಾಜಿನ ಮೈ ಹೈಡ್ರೋಜನ್ ಅಯಾನುಗಳನ್ನು ಬಿಟ್ಟುಕೊಟ್ಟು ತಾನು ಋಣವಿದ್ಯುತ್ತನ್ನು ಪಡೆಯುತ್ತದೆ. ಅದಕ್ಕೆ ಪ್ರತಿಯಾಗಿ ನೀರಿನಲ್ಲಿರುವ ಧನ ಅಯಾನುಗಳು ಗೋಡೆಯ ಸಮೀಪಕ್ಕೆ ಬಂದು ಗುಂಪುಗೂಡುತ್ತವೆ. ಈ ಗುಂಪಿನ ದಪ್ಪ ಲೀಟರಿಗೆ 1 ಮಿಲಿಮೋಲ್ ಉಪ್ಪು ಕರಗಿದ ನೀರಿನಲ್ಲಿ ಸುಮಾರು 10 ನ್ಯಾನೋಮೀಟರ್. ಉಪ್ಪು ನೂರು ಪಟ್ಟಾದರೆ 1 ನ್ಯಾನೋಮೀಟರಿಗೆ ಕುಗ್ಗುತ್ತದೆ. ನಾಳದ ಎರಡು ತುದಿಗಳಿಗೆ ವಿದ್ಯುದಗ್ರಗಳನ್ನು ಜೋಡಿಸಿದಾಗ ಗೋಡೆಯ ಬದಿಯ ಧನ ಅಯಾನುಗಳು ಋಣಾಗ್ರದ ಕಡೆಗೆ ಸಾಗಿ, ತಮ್ಮ ಸುತ್ತಣ ನೀರನ್ನೂ, ಸ್ನಿಗ್ಧತೆಯ ಕಾರಣದಿಂದ ನಾಳದ ಮಧ್ಯದ ನೀರನ್ನೂ ಎಳೆದೊಯ್ಯುತ್ತವೆ. ಒತ್ತಡದಿಂದ ಹರಿಯುವ ನೀರು ನಡುವೆ ವೇಗವಾಗಿಯೂ ಅಂಚಿನಲ್ಲಿ ನಿಧಾನವಾಗಿಯೂ ಹರಿದರೆ, ಇದು ಇಡೀ ಕಂಬವೇ ಜಾರಿದಂತೆ ಸಮವೇಗದಿಂದ ಸಾಗುತ್ತದೆ.

ಸ್ಮೊಲುಕೋವ್ಸ್ಕಿಯ ಸೂತ್ರದಂತೆ ಈ ವೇಗವು ದ್ರವದ ಪರ್ಮಿಟಿವಿಟಿ, ಝೀಟಾ ವಿಭವ, ಕ್ಷೇತ್ರಬಲ ಈ ಮೂರರ ಗುಣಲಬ್ಧವನ್ನು ಸ್ನಿಗ್ಧತೆಯಿಂದ ಭಾಗಿಸಿದಷ್ಟಾಗುತ್ತದೆ. ಝೀಟಾ ವಿಭವ 50 ಮಿಲಿವೋಲ್ಟ್, ಕ್ಷೇತ್ರ ಸೆಂಟಿಮೀಟರಿಗೆ 100 ವೋಲ್ಟ್ ಇದ್ದಲ್ಲಿ 25 ಡಿಗ್ರಿ ಸೆಲ್ಸಿಯಸ್‌ನ ನೀರು ಸೆಕೆಂಡಿಗೆ ಸುಮಾರು 0.4 ಮಿಲಿಮೀಟರ್ ಸರಿಯುತ್ತದೆ. ವೇಗಕ್ಕೆ ನಾಳದ ಅಗಲದ ಹಂಗಿಲ್ಲ. ಆದರೆ ಒತ್ತಡಕ್ಕೆ ಉಂಟು. 50 ಮೈಕ್ರೋಮೀಟರ್ ತ್ರಿಜ್ಯದ ನಾಳದ ಉದ್ದಕ್ಕೂ 100 ವೋಲ್ಟ್ ಕೊಟ್ಟರೆ ದೊರೆಯುವ ಗರಿಷ್ಠ ಒತ್ತಡ ಸುಮಾರು 11 ಪ್ಯಾಸ್ಕಲ್, ಎಂದರೆ ಒಂದು ಮಿಲಿಮೀಟರ್ ನೀರಿನ ಎತ್ತರದಷ್ಟು ಮಾತ್ರ. ಸಾಧನವನ್ನಿಟ್ಟ ಮೇಜು ಒಂದಿಷ್ಟು ವಾಲಿದರೂ ಇಂತಹ ಪಂಪು ಸೋಲುತ್ತದೆ. ಅದೇ 100 ವೋಲ್ಟನ್ನು ಅರ್ಧ ಮೈಕ್ರೋಮೀಟರ್ ತ್ರಿಜ್ಯದ ರಂಧ್ರಕ್ಕೆ ಕೊಟ್ಟಲ್ಲಿ ಒತ್ತಡವು ವಾಯುಮಂಡಲದ ಒತ್ತಡವನ್ನು ತುಸು ಮೀರುತ್ತದೆ. ಏಕೆಂದರೆ ಗರಿಷ್ಠ ಒತ್ತಡ ತ್ರಿಜ್ಯದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ.

ರಚನೆ

ಮೇಲಿನ ಲೆಕ್ಕದಿಂದಲೇ ಪಂಪಿನ ರೂಪ ನಿರ್ಧರಿತವಾಗುತ್ತದೆ. ಒಂದೇ ರಂಧ್ರದಿಂದ ಒತ್ತಡ ಬಂದರೂ ಹರಿವು ಬಾರದಾದುದರಿಂದ, ಲಕ್ಷಾಂತರ ಸೂಕ್ಷ್ಮರಂಧ್ರಗಳನ್ನು ಸಮಾಂತರವಾಗಿ ಹೊಂದಿದ ಸಚ್ಛಿದ್ರ ಬಿಲ್ಲೆಯೊಂದನ್ನು, ಎಂದರೆ ಗಾಜಿನ ಪುಡಿಯನ್ನು ಕಾಯಿಸಿ ಕೂಡಿಸಿದ ಗಟ್ಟಿಯನ್ನೋ, ಸಿಲಿಕಾ ಮಣಿಗಳನ್ನು ಒತ್ತಿ ತುಂಬಿದ ಸ್ತಂಭವನ್ನೋ, ರಂಧ್ರಮಯ ಅಲ್ಯೂಮಿನದ ಪೊರೆಯನ್ನೋ, ಎರಡು ವಿದ್ಯುದಗ್ರಗಳ ನಡುವೆ ಇಡುತ್ತಾರೆ. 2 ಮಿಲಿಮೀಟರ್ ದಪ್ಪದ, 1 ಚದರ ಸೆಂಟಿಮೀಟರ್ ವಿಸ್ತೀರ್ಣದ ಗಾಜಿನ ಬಿಲ್ಲೆಗೆ 100 ವೋಲ್ಟ್ ಕೊಟ್ಟರೆ ನಿಮಿಷಕ್ಕೆ ಕೆಲವು ಮಿಲಿಲೀಟರ್ ನೀರು ಹರಿಯುವುದೆಂದು ಲೆಕ್ಕ ಹೇಳುತ್ತದೆ. ಇಂತಹ ಪಂಪಿನಲ್ಲಿ ಎದುರೊತ್ತಡ ಏರಿದಂತೆಲ್ಲ ಹರಿವು ಸರಳರೇಖೆಯಲ್ಲಿ ಇಳಿಯುತ್ತದೆ. ವ್ಯಯವಾದ ವಿದ್ಯುತ್ತಿನಲ್ಲಿ ಉಪಯುಕ್ತ ಕಾರ್ಯವಾಗಿ ದೊರೆಯುವುದು ಸಾಮಾನ್ಯವಾಗಿ ಶೇ. 5ಕ್ಕಿಂತ ಕಡಿಮೆ, ಉಳಿದುದೆಲ್ಲ ಶಾಖವಾಗಿ ಹೋಗುತ್ತದೆ.

ಮೈಯ ದ್ರವ್ಯವೇ ದಿಕ್ಕನ್ನು ನಿರ್ಣಯಿಸುತ್ತದೆ. ತಟಸ್ಥ ನೀರಿನಲ್ಲಿ ಸಿಲಿಕಾ ಋಣವಾಗಿರುವುದರಿಂದ ನೀರು ಋಣಾಗ್ರದ ಕಡೆಗೂ, ಅಲ್ಯೂಮಿನವು ಸಾಮಾನ್ಯವಾಗಿ ಧನವಾಗಿರುವುದರಿಂದ ಧನಾಗ್ರದ ಕಡೆಗೂ ಹರಿಯುತ್ತದೆ. ಅಗ್ಗವೂ ಸುಲಭವೂ ಆದ ಸಿಲಿಕೋನ್ ರಬ್ಬರಿನ ನಾಳಗಳು ಪ್ರಯೋಗಶಾಲೆಗಳಲ್ಲಿ ಬಹುವಾಗಿ ರೂಢಿಯಲ್ಲಿದ್ದರೂ, ಪ್ಲಾಸ್ಮಾದಿಂದ ಸಂಸ್ಕರಿಸಿದ ಅವುಗಳ ಮೈ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ತನ್ನ ವಿದ್ಯುದ್ಗುಣವನ್ನು ಕಳೆದುಕೊಳ್ಳತೊಡಗುವುದರಿಂದ, ದೀರ್ಘಕಾಲದ ಪಂಪಿಗೆ ಅವು ಒಪ್ಪುವುದಿಲ್ಲ.

ಪ್ರಭೇದಗಳು

ನೇರ ಪ್ರವಾಹದ ವಿದ್ಯುದಭಿಸರಣಾ ಪಂಪಿನ ರೂಪ ಮೇಲೆ ಹೇಳಿದಂತಿರುವುದು. ಪರ್ಯಾಯ ಪ್ರವಾಹದ ಪ್ರಭೇದದಲ್ಲಿ, 2000ದಲ್ಲಿ ಪ್ಯಾರಿಸ್ಸಿನ ಅರ್ಮಾಂ ಅಜ್ದಾರಿ ತೋರಿಸಿಕೊಟ್ಟಂತೆ, ಅಗಲಕಿರಿದಾದ ವಿದ್ಯುದಗ್ರಗಳನ್ನು ಅಸಮಾಂಗವಾಗಿ ಸಾಲಾಗಿ ಹಾಸಿ, ಕೆಲವೇ ವೋಲ್ಟುಗಳನ್ನು ಸಾವಿರ ಹರ್ಟ್ಸ್ ಆಸುಪಾಸಿನ ಆವೃತ್ತಿಯಲ್ಲಿ ಕೊಟ್ಟರೆ ದ್ರವ ಒಂದೇ ಕಡೆಗೆ ಸಾಗುತ್ತದೆ. ಅನಿಲ ಹುಟ್ಟುವುದಿಲ್ಲವೆಂಬುದು ಇದರ ಗುಣ. ಒತ್ತಡ ಅತ್ಯಲ್ಪವೆಂಬುದೂ, ಉಪ್ಪಿನಂಶ ಹೆಚ್ಚಿದ ದ್ರವದಲ್ಲಿ ನಿಂತುಹೋಗುವುದೆಂಬುದೂ ದೋಷ. ರಕ್ತದಂತಹ ದ್ರವಕ್ಕೆ ಇದು ನೇರವಾಗಿ ಸಲ್ಲದು.

ಪೀಜೋವಿದ್ಯುತ್ ಪಂಪಿನಲ್ಲಿ ತೆಳುಪೊರೆಯೊಂದಕ್ಕೆ ಅಂಟಿಸಿದ ಸೆರಾಮಿಕ್ ಬಿಲ್ಲೆ ವೋಲ್ಟೇಜಿಗೆ ತಕ್ಕಂತೆ ಬಾಗುತ್ತ ಏಳುತ್ತ ಕೋಶದ ಗಾತ್ರವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಇದಕ್ಕೆ ಕವಾಟಗಳು ಬೇಕು. ಕವಾಟಕ್ಕೆ ಧೂಳಿನ ಕಣವೊಂದು ಸಿಕ್ಕಿದರೆ ಪಂಪು ಕೆಡುತ್ತದೆ. ಸ್ವೀಡನ್ನಿನ ಎರಿಕ್ ಮತ್ತು ಯೋರಾನ್ ಸ್ಟೆಮ್ಮೆ 1993ರಲ್ಲಿ ಕವಾಟದ ಬದಲು ಒಂದು ಕಡೆಗೆ ಹಿಗ್ಗುತ್ತ ಹೋಗುವ ನಾಳಗಳನ್ನಿಟ್ಟು ಈ ತೊಡಕನ್ನು ಬಿಡಿಸಿದರು. ದ್ರವ ಯಾವುದಾದರೂ ತಳ್ಳಬಲ್ಲದಾದುದರಿಂದ ಮಾರುಕಟ್ಟೆಯಲ್ಲಿ ಅತಿಶಯವಾಗಿ ಪ್ರಚಾರದಲ್ಲಿರುವುದು ಪೀಜೋ ಪ್ರಭೇದವೇ. ಕೆಲವು ಇಂಕ್‌ಜೆಟ್ ಮುದ್ರಣಯಂತ್ರಗಳ ಶಿರೋಭಾಗದಲ್ಲಿರುವುದೂ ಇದೇ ತತ್ತ್ವ.

ವಿದ್ಯುದ್ವಿಭಜನೆಯಿಂದ ಹುಟ್ಟಿದ ಅನಿಲದಿಂದಲೇ ದ್ರವವನ್ನು ತಳ್ಳುವ ಪಂಪುಗಳೂ, ನಿರೋಧಕ ದ್ರವಗಳಿಗೆ ಮಾತ್ರ ಒಗ್ಗುವ ವಿದ್ಯುದ್ದ್ರವಚಾಲಕ ಪಂಪುಗಳೂ, ಕಾಂತಕ್ಷೇತ್ರವನ್ನು ಕೂಡಿಸಿಕೊಂಡವುಗಳೂ ಉಂಟು. ನಾಳವನ್ನೇ ತೊರೆದು, ವಿದ್ಯುತ್ತಿನಿಂದ ಮೇಲ್ಮೈಯ ಒದ್ದೆಯಾಗುವ ಗುಣವನ್ನು ಬದಲಿಸಿ ಬಿಡಿಬಿಡಿ ಹನಿಗಳನ್ನು ಚದುರಂಗದ ಮನೆಗಳಲ್ಲಿ ಕಾಯಿ ನಡೆಸಿದಂತೆ ನಡೆಸುವ ವಿಧಾನಕ್ಕೆ 1875ರಲ್ಲಿ ಗೇಬ್ರಿಯಲ್ ಲಿಪ್‌ಮನ್ ಮಾಡಿದ ಪಾದರಸದ ಪ್ರಯೋಗಗಳು ಮೂಲ.

ವೈಫಲ್ಯದ ಕಾರಣಗಳು

ವಿದ್ಯುಚ್ಚಾಲಿತ ಸೂಕ್ಷ್ಮಪಂಪು ಕೆಡುವುದು ವಿದ್ಯುತ್ತಿನ ಕೊರತೆಯಿಂದ ಅತಿ ವಿರಳ. ನೀರಿನ ರಸಾಯನದಿಂದ ಬಹು ಸಾಮಾನ್ಯ. ಗೋಡೆಯಲ್ಲಿಯೂ ವಿದ್ಯುದಗ್ರದಲ್ಲಿಯೂ ನಡೆಯುವ ಸಣ್ಣ ರಾಸಾಯನಿಕ ವ್ಯವಹಾರಗಳನ್ನು ಹಿಡಿತಕ್ಕೆ ತರುವುದೇ ವಿನ್ಯಾಸದ ಪ್ರಧಾನ ಭಾಗ.

ಮೊದಲನೆಯದು ಗುಳ್ಳೆ. 1.23 ವೋಲ್ಟನ್ನು ಸಾಕಷ್ಟು ಮೀರಿದ ವಿಭವಾಂತರದಲ್ಲಿ ನೀರು ಹೈಡ್ರೋಜನ್ನಾಗಿಯೂ ಆಕ್ಸಿಜನ್ನಾಗಿಯೂ ಒಡೆಯತೊಡಗುತ್ತದೆ. 1 ಮಿಲಿಆಂಪಿಯರ್ ಪ್ರವಾಹ ಹರಿದಲ್ಲಿ ನಿಮಿಷಕ್ಕೆ ಸುಮಾರು 11 ಮೈಕ್ರೋಲೀಟರ್ ಅನಿಲ ಹುಟ್ಟುತ್ತದೆಂದು ಫ್ಯಾರಡೆಯ ನಿಯಮದಿಂದ ಲೆಕ್ಕಿಸಬಹುದು. ನಿಮಿಷಕ್ಕೆ ಅಷ್ಟೇ ದ್ರವವನ್ನು ಹರಿಸುವ ಸಾಧನದಲ್ಲಿ ಇದು ಸಣ್ಣ ವಿಷಯವಲ್ಲ. ಗುಳ್ಳೆಯೊಂದು ಕಿರುನಾಳದಲ್ಲಿ ಸಿಕ್ಕಿಕೊಂಡರೆ ದ್ರವದ ದಾರಿಯೂ ವಿದ್ಯುತ್ತಿನ ದಾರಿಯೂ ಒಂದೇ ಏಟಿಗೆ ಕಡಿದುಹೋಗುತ್ತವೆ. ಬಾವಿಯ ಪಂಪು ನೀರೆತ್ತದಿದ್ದಾಗ ರೈತರು ಏರ್ ಹಿಡಿದಿದೆ ಎನ್ನುವರಷ್ಟೆ. ಸೂಕ್ಷ್ಮಪಂಪಿನಲ್ಲಿ ಆ ಏರನ್ನು ಪಂಪೇ ಉತ್ಪತ್ತಿ ಮಾಡುತ್ತದೆಂಬುದು ವ್ಯತ್ಯಾಸ. ಇದಕ್ಕೆ ಪರಿಹಾರಗಳು ಹಲವು. ವಿದ್ಯುದಗ್ರಗಳನ್ನು ಬಾಯಿತೆರೆದ ಕೋಶಗಳಲ್ಲಿಟ್ಟು ಅನಿಲವನ್ನು ಹೊರಬಿಡುವುದು. ವಿದ್ಯುತ್ತನ್ನು ಹಾಯಗೊಟ್ಟು ಗುಳ್ಳೆಯನ್ನು ತಡೆಯುವ ಅಯಾನುವಿನಿಮಯ ಪೊರೆಯ ಆಚೆಗೆ ಅವನ್ನು ಸರಿಸುವುದು. ಹೈಡ್ರೋಜನ್ನನ್ನು ತನ್ನೊಳಗೆ ಹೀರಬಲ್ಲ ಪೆಲ್ಲೇಡಿಯಂ ಲೋಹವನ್ನು ಉಪಯೋಗಿಸುವುದು. ಇವೆಲ್ಲಕ್ಕಿಂತ ಸಮರ್ಪಕವೆನಿಸಿರುವುದು ನೀರಿನ ಬದಲು ವಿದ್ಯುದಗ್ರವೇ ರಾಸಾಯನಿಕವಾಗಿ ಬದಲಾಗುವ ವ್ಯವಸ್ಥೆ: ಬೆಳ್ಳಿ ಮತ್ತು ಬೆಳ್ಳಿಯ ಆಕ್ಸೈಡಿನ ಜೋಡಿಯಿಂದ ಅನಿಲವಿಲ್ಲದೆ ನಡೆಯುವ ಪಂಪುಗಳನ್ನು 2011ರ ಸುಮಾರಿನಲ್ಲಿ ಸಾಧಿಸಲಾಯಿತು. ಆದರೆ ಇಂತಹ ವಿದ್ಯುದಗ್ರ ತೀರಿಹೋಗುವ ಬಂಡವಾಳ. ಕಾಲಕಾಲಕ್ಕೆ ಪ್ರವಾಹದ ದಿಕ್ಕನ್ನು ತಿರುಗಿಸಿ ಅದನ್ನು ಮರಳಿ ತುಂಬಬೇಕು.

ಎರಡನೆಯದು ಆಮ್ಲತೆಯ ಏರಿಳಿತ. ನೀರು ಒಡೆಯುವಾಗ ಧನಾಗ್ರದಲ್ಲಿ ಆಮ್ಲವೂ ಋಣಾಗ್ರದಲ್ಲಿ ಕ್ಷಾರವೂ ಸಂಗ್ರಹವಾಗುತ್ತವೆ. ಆಮ್ಲತೆಯ ಏರಿಳಿತವನ್ನು ತಡೆಯುವ ಬಫರ್ ಲೀಟರಿಗೆ 10 ಮಿಲಿಮೋಲ್ ಇರುವ, 1 ಮಿಲಿಲೀಟರಿನ ಧನಾಗ್ರದ ಕೋಶವೊಂದು 100 ಮೈಕ್ರೋಆಂಪಿಯರ್ ಪ್ರವಾಹವನ್ನು ಸುಮಾರು 80 ನಿಮಿಷ ತಾಳಿಕೊಳ್ಳಬಲ್ಲದು. ಅನಂತರ ಅದರ ಪಿಎಚ್ ಥಟ್ಟನೆ ಬೀಳುತ್ತದೆ. ಪಿಎಚ್ ಬಿದ್ದರೆ ಗಾಜಿನ ಝೀಟಾ ವಿಭವ ಕುಗ್ಗುತ್ತದೆ, ಅದು ಕುಗ್ಗಿದರೆ ಹರಿವು ಕುಗ್ಗುತ್ತದೆ. ಬೆಳಗ್ಗೆ ಸರಿಯಾಗಿ ನಡೆದ ಪಂಪು ಮಧ್ಯಾಹ್ನಕ್ಕೆ ಕಾರಣ ಕಾಣದೆ ಮಂದವಾಗುವುದರ ಗುಟ್ಟು ಬಹುತೇಕ ಇದೇ. ಆದುದರಿಂದ ಕೋಶದ ಗಾತ್ರವನ್ನು ಹರಿವಿನ ಲೆಕ್ಕದಿಂದಲ್ಲ, ಬಫರಿನ ಲೆಕ್ಕದಿಂದ ನಿಗದಿಮಾಡತಕ್ಕದ್ದು.

ಮೂರನೆಯದಾಗಿ ಮೈಯ ಮಾಲಿನ್ಯವನ್ನು ಹೇಳಬೇಕು. ರಕ್ತದ ಪ್ರೋಟೀನುಗಳು ಗಾಜಿಗೆ ಅಂಟಿಕೊಂಡು ಅದರ ವಿದ್ಯುತ್ತನ್ನು ಮರೆಮಾಚುತ್ತವೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳಂತಹ ದ್ವಿಸಂಯೋಜಕ ಅಯಾನುಗಳು ಗೋಡೆಗೆ ಬಿಗಿಯಾಗಿ ಹತ್ತಿಕೊಂಡು ಝೀಟಾ ವಿಭವವನ್ನು ತಗ್ಗಿಸುತ್ತವೆ. ಒಂದೇ ನಾಳದ ಒಂದು ಭಾಗ ಶುಭ್ರವಾಗಿಯೂ ಇನ್ನೊಂದು ಭಾಗ ಮಲಿನವಾಗಿಯೂ ಇದ್ದರೆ ಎರಡೂ ಭಾಗಗಳು ಬೇರೆಬೇರೆ ವೇಗದಿಂದ ದ್ರವವನ್ನು ಎಳೆಯಲೆಳಸಿ, ಒಳಗೆ ಒತ್ತಡದ ವ್ಯತ್ಯಾಸಗಳು ಹುಟ್ಟಿ, ಸಮವೇಗವೆಂಬ ಈ ಪಂಪಿನ ಮುಖ್ಯ ಗುಣವೇ ನಷ್ಟವಾಗುತ್ತದೆ.

ನಾಲ್ಕನೆಯದು ಶಾಖ. ಮಂದವಾದ ಬಫರಿನಲ್ಲಿ ಸೆಂಟಿಮೀಟರಿಗೆ 100 ವೋಲ್ಟ್ ಕ್ಷೇತ್ರವಿದ್ದು ಶಾಖ ಹೊರಹೋಗಲು ದಾರಿ ಇಲ್ಲದಿದ್ದರೆ ದ್ರವದ ಉಷ್ಣತೆ ಸೆಕೆಂಡಿಗೆ 2 ಡಿಗ್ರಿಗಿಂತ ಮೇಲಾಗಿ ಏರುತ್ತದೆ. ಸಮುದ್ರದ ನೀರಿಗೂ ಮಿಗಿಲಾದ ಉಪ್ಪಿನ ದ್ರಾವಣದಲ್ಲಿ ಇದರ ನೂರ್ಮಡಿ. ಗಾಜು ಶಾಖವನ್ನು ಪ್ಲಾಸ್ಟಿಕ್ಕಿಗಿಂತ ಚೆನ್ನಾಗಿ ಸಾಗಿಸುವುದೆಂಬುದೂ ಅದನ್ನು ಆಯಲು ಒಂದು ಕಾರಣ.

ಸುತ್ತಣ ಹವೆಯ ಪ್ರಭಾವವೂ ಗಣನೀಯ. 15 ಡಿಗ್ರಿಯಿಂದ 40 ಡಿಗ್ರಿಗೆ ಬಂದಾಗ ನೀರಿನ ಸ್ನಿಗ್ಧತೆ ಸುಮಾರು 1.14ರಿಂದ 0.65 ಮಿಲಿಪ್ಯಾಸ್ಕಲ್-ಸೆಕೆಂಡಿಗೆ ಇಳಿಯುವುದರಿಂದ, ವೋಲ್ಟೇಜನ್ನು ಸ್ಥಿರವಾಗಿಟ್ಟಲ್ಲಿ ಹರಿವು ಮೊದಲಿನ ಒಂದೂವರೆ ಪಟ್ಟಿಗೂ ಮಿಗಿಲಾಗುತ್ತದೆ. ಆದರೆ ಸ್ನಿಗ್ಧತೆ ಇಳಿದ ಅನುಪಾತದಲ್ಲಿಯೇ ಸುಮಾರಾಗಿ ದ್ರಾವಣದ ವಾಹಕತೆ ಏರುತ್ತದೆ. ಆದುದರಿಂದ ವೋಲ್ಟೇಜಿನ ಬದಲು ಪ್ರವಾಹವನ್ನು ಸ್ಥಿರವಾಗಿಟ್ಟರೆ ಒಂದು ಬದಲಾವಣೆ ಇನ್ನೊಂದನ್ನು ಬಹುಮಟ್ಟಿಗೆ ಸರಿದೂಗಿಸಿ ಹರಿವು ಹೆಚ್ಚು ಬದಲಾಗದೆ ನಿಲ್ಲುತ್ತದೆ. ಇದು ವೀಡೆಮಾನನ 1852ರ ನಿಯಮದ ನೇರ ಫಲ. ಸ್ಥಿರಪ್ರವಾಹದ ಈ ನಿಯಂತ್ರಣಕ್ಕೆ ವೋಲ್ಟೇಜಿನ ಮೇಲ್ಮಿತಿಯೊಂದನ್ನು ಅವಶ್ಯವಾಗಿ ಜೋಡಿಸಬೇಕು. ಇಲ್ಲವಾದರೆ ಗುಳ್ಳೆಯೊಂದು ಅಡ್ಡಬಂದಾಗ ಯಂತ್ರವು ತನ್ನ ಪ್ರವಾಹವನ್ನು ಉಳಿಸಿಕೊಳ್ಳುವ ಹಟದಿಂದ ವೋಲ್ಟೇಜನ್ನು ಏರಿಸುತ್ತ ಹೋಗಿ ಕೊನೆಗೆ ನಾಳವನ್ನೇ ಸುಟ್ಟುಬಿಡುತ್ತದೆ. ಪ್ರವಾಹ ಸ್ಥಿರವಾಗಿರುವಾಗ ವೋಲ್ಟೇಜು ಮೆಲ್ಲಮೆಲ್ಲನೆ ಏರುವುದು ಗುಳ್ಳೆಯ ಅಥವಾ ಕಟ್ಟುವಿಕೆಯ ಮುನ್ಸೂಚನೆಯೂ ಹೌದು.

ಪ್ರಾದೇಶಿಕ ವಿನ್ಯಾಸ: ಸೇಲಂ–ಧರ್ಮಪುರಿ ಸೀಮೆಯ ನೀರು

ಪಂಪಿನ ವಿಶ್ವಾಸಾರ್ಹತೆ ದೇಶಕಾಲಗಳಿಗೆ ಎಷ್ಟರಮಟ್ಟಿಗೆ ಅಧೀನವೆಂಬುದಕ್ಕೆ ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳು ಉತ್ತಮ ನಿದರ್ಶನ. ಈ ಸೀಮೆಯ ಗಟ್ಟಿಶಿಲೆಗಳಲ್ಲಿ ಫ್ಲೋರೈಡನ್ನು ಬಿಟ್ಟುಕೊಡುವ ಖನಿಜಗಳಿರುವುದರಿಂದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ; ಹಲ್ಲು ಕಂದುವ, ಮೂಳೆ ಸೆಟೆಯುವ ಫ್ಲೋರೋಸಿಸ್ ಇಲ್ಲಿ ಬಹುಕಾಲದಿಂದ ಇರುವ ವ್ಯಾಧಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದೆಂದೂ, ಬೇರೆ ಜಲಮೂಲವಿಲ್ಲದಲ್ಲಿ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ಹೊಗೆಯ ಕಲ್ಲೆಂಬ ಕನ್ನಡ ಹೆಸರನ್ನೇ ಇಂದಿಗೂ ಧರಿಸಿರುವ ಹೊಗೇನಕಲ್‌ನಿಂದ ಕಾವೇರಿಯ ನೀರನ್ನು ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಒಯ್ಯುವ, ಜಪಾನಿನ ಸಾಲದ ನೆರವು ಪಡೆದ ಯೋಜನೆ 2013ರಲ್ಲಿ ಕಾರ್ಯಾರಂಭ ಮಾಡಿದ್ದು ಈ ಕಾರಣಕ್ಕಾಗಿಯೇ.

ಬಾವಿಯಿಂದ ಬಾವಿಗೆ ಒಯ್ದು ಫ್ಲೋರೈಡನ್ನು ಅಳೆಯತಕ್ಕ ಸೂಕ್ಷ್ಮದ್ರವ ಉಪಕರಣವನ್ನು ಈ ಸೀಮೆಗಾಗಿ ರೂಪಿಸುವುದಾದರೆ ಮೂರು ತೊಡಕುಗಳು ಬಂದೊದಗುತ್ತವೆ. ಲ್ಯಾಂಥನಂ ಫ್ಲೋರೈಡಿನ ಹರಳುಳ್ಳ ವಿದ್ಯುದಗ್ರದಿಂದ ಅಳೆಯುವ ಪ್ರಸಿದ್ಧ ಪದ್ಧತಿಯಲ್ಲಿ ಮಾದರಿಯ ನೀರಿಗೆ ಉಪ್ಪಿನಂಶ ಬಹಳವಿರುವ ಟೈಸ್ಯಾಬ್ ಎಂಬ ಬಫರನ್ನು ಬೆರೆಸಬೇಕು. ಆ ಬಫರನ್ನು ವಿದ್ಯುದಭಿಸರಣಾ ಪಂಪಿನ ರಂಧ್ರಗಳ ಮೂಲಕ ನೇರವಾಗಿ ಹರಿಸಹೋದರೆ ಜೋಡಿಪದರ ಕುಗ್ಗಿ, ಪ್ರವಾಹ ಮಿತಿಮೀರಿ, ದ್ರವ ಕುದಿಯುವ ಮಟ್ಟಕ್ಕೆ ಬರುತ್ತದೆ. ಮಾದರಿಯ ನೀರೂ ಅನುಕೂಲವಾದುದಲ್ಲ. ಸೇಲಂ ಪೇಟೆಗೂ ಏರ್ಕಾಡಿನ ಬೆಟ್ಟದ ಬುಡಕ್ಕೂ ನಡುವೆ ಬಿಳಿಯಾಗಿ ಹರಡಿರುವ ಸುಣ್ಣದ ಗುಡ್ಡಗಳೆಂದು ಹೆಸರಾದ ಮ್ಯಾಗ್ನೆಸೈಟ್ ನಿಕ್ಷೇಪಗಳಂತಹ ಕಡೆ ಅಂತರ್ಜಲ ಮೆಗ್ನೀಸಿಯಂ ಕೂಡಿದ ಗಡಸು ನೀರಾಗುವುದು ಸಹಜ. ಅಂತಹ ನೀರು ಗಾಜಿನ ರಂಧ್ರಗಳ ಝೀಟಾ ವಿಭವವನ್ನು ದಿನದಿಂದ ದಿನಕ್ಕೆ ತಗ್ಗಿಸುತ್ತದೆ. ಇವೆರಡಕ್ಕೂ ಪರಿಹಾರ ಒಂದೇ: ಪಂಪಿನೊಳಗೆ ಶುದ್ಧವಾದ ಮಂದ ಬಫರೊಂದನ್ನು ಶಾಶ್ವತವಾಗಿ ಮುಚ್ಚಿಟ್ಟು, ಅದರ ಒತ್ತಡವನ್ನು ಮೆತುವಾದ ಪೊರೆಯೊಂದರ ಮೂಲಕ ಆಚೆಯ ಮಾದರಿಗೆ ವರ್ಗಾಯಿಸುವುದು. ಹೀಗೆ ಚಾಲಕದ್ರವವನ್ನೂ ಚಾಲಿತದ್ರವವನ್ನೂ ಬೇರ್ಪಡಿಸುವ ವಿನ್ಯಾಸಕ್ಕೆ ಪರೋಕ್ಷ ಪಂಪು ಎಂದು ಹೆಸರು. ಮಾದರಿ ಎಂತಹುದೇ ಆಗಿರಲಿ, ರಂಧ್ರಗಳು ತಮಗೆ ಒಗ್ಗಿದ ನೀರನ್ನು ಮಾತ್ರ ಕಾಣುತ್ತವೆ.

ಮೂರನೆಯ ತೊಡಕು ಎತ್ತರದ್ದು. ಸೇಲಂ ಸಮುದ್ರಮಟ್ಟದಿಂದ ಸುಮಾರು 280 ಮೀಟರ್ ಎತ್ತರದಲ್ಲಿಯೂ, ಇಪ್ಪತ್ತು ಕಡಿದಾದ ತಿರುವುಗಳ ಘಾಟಿರಸ್ತೆಯನ್ನೇರಿ ತಲಪುವ ಕಾಫಿತೋಟಗಳ ಏರ್ಕಾಡ್ ಸುಮಾರು 1,500 ಮೀಟರ್ ಎತ್ತರದಲ್ಲಿಯೂ ಇವೆ. ಕೆಳಗೆ 980 ಹೆಕ್ಟೊಪ್ಯಾಸ್ಕಲ್ ಆಸುಪಾಸಿನಲ್ಲಿರುವ ಗಾಳಿಯ ಒತ್ತಡ ಮೇಲೆ 845ರ ಸಮೀಪಕ್ಕೆ ಇಳಿಯುವುದರಿಂದ, ಪಂಪಿನ ಮೂಲೆಯಲ್ಲಿ ಸಿಕ್ಕಿ ಅಡಗಿದ್ದ ಗುಳ್ಳೆ ಗಂಟೆಯೊಂದರೊಳಗೆ ಸುಮಾರು ಆರನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ. ನೀರಿನಲ್ಲಿ ಕರಗಿದ್ದ ಗಾಳಿಯೂ ಹೊಸ ಗುಳ್ಳೆಗಳಾಗಿ ಬಿಡಿಸಿಕೊಳ್ಳುತ್ತದೆ. 1 ಮೈಕ್ರೋಲೀಟರಿನ ಗುಳ್ಳೆ ಹಾಗೆ ಹಿಗ್ಗಿದಾಗ ಸ್ಥಳಾಂತರವಾಗುವ ದ್ರವ 160 ನ್ಯಾನೋಲೀಟರ್. ಮಾದರಿಯನ್ನು ನ್ಯಾನೋಲೀಟರುಗಳಲ್ಲಿ ಎಣಿಸುವ ಬಿಲ್ಲೆಯಲ್ಲಿ ಇದು ಪಂಪು ನಡೆಯದಿದ್ದಾಗಲೂ ಆದ ಹರಿವು. ಆದುದರಿಂದ ಬೆಟ್ಟಕ್ಕೊಯ್ಯತಕ್ಕ ಉಪಕರಣದಲ್ಲಿ ಚಾಲಕದ್ರವದ ಗಾಳಿಯನ್ನು ನಿರ್ವಾತದಲ್ಲಿ ಮೊದಲೇ ತೆಗೆದಿರಬೇಕು, ಒಳಮೂಲೆಗಳೆಲ್ಲ ದುಂಡಾಗಿರಬೇಕು, ಮತ್ತು ಪ್ರತಿ ಸ್ಥಳದಲ್ಲಿ ಮಾದರಿಯನ್ನು ಹಾಕುವ ಮುಂಚೆ ತೊಳೆಯುವ ಸುತ್ತೊಂದು ನಡೆಯಬೇಕು. ಚಳಿಗಾಲದ ಬೆಟ್ಟಕ್ಕೂ ಬೇಸಗೆಯ ಧರ್ಮಪುರಿಯ ಬಯಲಿಗೂ ನಡುವಣ ಉಷ್ಣತೆಯ ಅಂತರಕ್ಕೆ ಸ್ಥಿರಪ್ರವಾಹ ನಿಯಂತ್ರಣವೇ ಉತ್ತರ.

ಪರೀಕ್ಷಾವಿಧಾನ

ಪಂಪಿನಿಂದ ಹೊರಬಿದ್ದ ದ್ರವವನ್ನು ಸೂಕ್ಷ್ಮ ತಕ್ಕಡಿಯ ಮೇಲಿನ ಬಟ್ಟಲಿನಲ್ಲಿ ಹಿಡಿದು ಕಾಲದೊಡನೆ ತೂಗುವುದು ಸರಳವಾದ ಪದ್ಧತಿ. ಬಟ್ಟಲಿನಿಂದ ಆವಿಯಾಗಿ ಹೋಗುವುದನ್ನು ಎಣ್ಣೆಯ ಪದರದಿಂದ ತಡೆಯದಿದ್ದರೆ ಅಳತೆ ಸುಳ್ಳಾಗುತ್ತದೆ. ನಾಳದಲ್ಲಿ ಒಂದು ಸಾಂದ್ರತೆಯ ಬಫರನ್ನು ಸ್ವಲ್ಪ ಬೇರೆ ಸಾಂದ್ರತೆಯ ಬಫರು ಸ್ಥಳಾಂತರಿಸುವಾಗ ಪ್ರವಾಹ ಬದಲಾಗಿ ನಿಲ್ಲುವವರೆಗಿನ ಕಾಲವನ್ನಳೆದು ವೇಗವನ್ನು ಕಂಡುಹಿಡಿಯುವ ವಿಧಾನವನ್ನು 1988ರಲ್ಲಿ ಹುವಾಂಗ್, ಗಾರ್ಡನ್ ಮತ್ತು ಜೇರ್ ಪ್ರಕಟಿಸಿದರು. ಹೆಚ್ಚಿನ ಉಪಕರಣ ಬೇಡವಾದುದರಿಂದ ಇಂದಿಗೂ ಅದು ರೂಢಿಯಲ್ಲಿದೆ. ಬಾಳಿಕೆಯ ಪರೀಕ್ಷೆಯನ್ನು ಶುದ್ಧ ಬಫರಿನಲ್ಲಿ ಮಾತ್ರ ಮಾಡಿ ಮುಗಿಸುವುದು ಸಂಶೋಧನಾ ಸಾಹಿತ್ಯದಲ್ಲಿ ಪದೇಪದೇ ಕಾಣುವ ಕೊರತೆ. ನಿಲ್ಲಿಸಿ, ಒಣಗಿಸಿ, ಕೆಲವು ವಾರ ಇಟ್ಟು, ಮರಳಿ ಚಾಲನೆಗೊಳಿಸಿದ ಪಂಪಿನ ಅಳತೆಯೇ ಬಳಕೆದಾರನಿಗೆ ಬೇಕಾದುದು.

ಉಪಯೋಗಗಳು

ರಾಸಾಯನಿಕ ಮತ್ತು ಜೈವಿಕ ವಿಶ್ಲೇಷಣೆ, ಔಷಧವನ್ನು ದೇಹದೊಳಗೆ ಮಿತವಾಗಿ ಬಿಡುವುದು, ಇಂಧನಕೋಶಗಳಲ್ಲಿ ನೀರಿನ ನಿರ್ವಹಣೆ, ವಿದ್ಯುನ್ಮಾನ ಬಿಲ್ಲೆಗಳ ತಂಪುಗೊಳಿಸುವಿಕೆ ಮುಖ್ಯವಾದವು. ಸ್ವಿಟ್ಜರ್‌ಲೆಂಡಿನ ಡೆಬಯೋಟೆಕ್ ಸಂಸ್ಥೆ ಇನ್ಸುಲಿನ್ ನೀಡಿಕೆಗಾಗಿ ಸಿಲಿಕಾನಿನ ಪೀಜೋ ಪಂಪನ್ನು ಅಭಿವೃದ್ಧಿಪಡಿಸಿದೆ. ಇನ್ಸುಲಿನ್ ವಿಷಯದಲ್ಲಿ ಪಂಪು ನಿಂತರೂ ಹಾನಿ, ಹೆಚ್ಚಾಗಿ ಹರಿದರೂ ಹಾನಿಯಾದುದರಿಂದ, ಅಲ್ಲಿ ಪಂಪಿಗಿಂತ ಅದರ ಹರಿವನ್ನು ಕಾಯುವ ಒತ್ತಡಮಾಪಕಗಳಿಗೆ ಪ್ರಾಮುಖ್ಯ ಹೆಚ್ಚು.

ಪ್ರಸ್ತುತ ಸ್ಥಿತಿ

ಭಾರತದಲ್ಲಿ ವಿದ್ಯುಚ್ಚಾಲಿತ ಸೂಕ್ಷ್ಮಪ್ರವಾಹಗಳ ಅಧ್ಯಯನಕ್ಕೆ ಖರಗಪುರದ ಐಐಟಿ ಒಂದು ಮುಖ್ಯ ಕೇಂದ್ರ. ಅಲ್ಲಿಯ ಸುಮನ್ ಚಕ್ರವರ್ತಿಯವರಿಗೆ ಈ ಕ್ಷೇತ್ರದ ಕಾರ್ಯಕ್ಕಾಗಿ 2022ರ ಇನ್ಫೋಸಿಸ್ ಪ್ರಶಸ್ತಿ ದೊರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಸಿಲಿಕಾನ್, ಗಾಜುಗಳ ಮೇಲೆ ಸೂಕ್ಷ್ಮನಾಳಗಳನ್ನು ಕೊರೆಯಬಲ್ಲ ಶುಭ್ರಕೊಠಡಿಗಳಿದ್ದು, ಬೇರೆ ವಿದ್ಯಾಲಯಗಳ ಸಂಶೋಧಕರೂ ಅವನ್ನು ಬಳಸಿಕೊಳ್ಳುವ ವ್ಯವಸ್ಥೆ ಉಂಟು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ, ಬ್ಯಾಟರಿಯಿಂದ ನಡೆಯುವ ಟ್ರೂನ್ಯಾಟ್ ಎಂಬ ಬಿಲ್ಲೆಯಾಧಾರಿತ ಪರೀಕ್ಷೆಗೆ ಕ್ಷಯರೋಗ ಪತ್ತೆಯಲ್ಲಿ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅನುಮೋದನೆ ದೊರೆಯಿತು.

ಇದಕ್ಕೆ ಪ್ರತಿಯಾಗಿ ಪಂಪನ್ನೇ ಬಿಟ್ಟುಬಿಡುವ ಪಂಥವೂ ಬೆಳೆದಿದೆ. ಕಾಗದದ ಅಥವಾ ನೂಲಿನ ಹೀರುಗುಣದಿಂದಲೇ ದ್ರವವನ್ನು ನಡೆಸುವ ಈ ಸಾಧನಗಳಲ್ಲಿ ಗುಳ್ಳೆ, ವಿದ್ಯುದಗ್ರ, ಬ್ಯಾಟರಿ ಮೊದಲಾದ ಚಿಂತೆಗಳಿಲ್ಲ. ಹರಿವನ್ನು ನಿಲ್ಲಿಸುವ, ತಿರುಗಿಸುವ ಸ್ವಾತಂತ್ರ್ಯವೂ ಇಲ್ಲ. ಬೆಂಗಳೂರಿನ ಅಚಿರಾ ಲ್ಯಾಬ್ಸ್ ಸಂಶೋಧಕರು ರೇಷ್ಮೆ ನೂಲಿಗೆ ಪರೀಕ್ಷಾದ್ರವ್ಯವನ್ನು ಊಡಿಸಿ ಮಗ್ಗದಲ್ಲಿ ನೆಯ್ದು ಪರೀಕ್ಷಾಪಟ್ಟಿಗಳನ್ನಾಗಿ ಕತ್ತರಿಸುವ ವಿಧಾನವನ್ನು 2011ರಲ್ಲಿ ಪ್ರಕಟಿಸಿದರು. ಬಿಳಿ ರೇಷ್ಮೆಗೆ ಹೆಸರಾದ ಸೇಲಂ ಸೀಮೆಯಲ್ಲಿ, ಮನೆಯಲ್ಲಿ ಕನ್ನಡವನ್ನಾಡುವ ದೇವಾಂಗ ನೇಕಾರರಿಗೆ ಹಾಸು ಹೊಕ್ಕುಗಳು ಅಪರಿಚಿತವಲ್ಲ. ಈ ವಿಧಾನದಲ್ಲಿ ಹಾಸಿನ ಯಾವ ಎಳೆ ಹೀರಬೇಕು, ಯಾವ ಎಳೆ ತಡೆಯಬೇಕು ಎಂಬುದನ್ನು ನೇಯ್ಗೆಯ ಕ್ರಮವೇ ನಿರ್ಧರಿಸುತ್ತದೆ. ಮಾದರಿಯನ್ನು ಹಲವು ಹಂತಗಳಲ್ಲಿ ಬೆರೆಸಿ, ತಡೆದು, ತೊಳೆದು ಅಳೆಯಬೇಕಾದ ಪರೀಕ್ಷೆಗಳು ಇನ್ನೂ ಪಂಪಿನ ಪಾಲಿನಲ್ಲಿಯೇ ಉಳಿದಿವೆ. ಅನಿಲರಹಿತ ವಿದ್ಯುದಗ್ರಗಳ ಆಯುಷ್ಯವನ್ನು ಹೆಚ್ಚಿಸುವುದು ಮತ್ತು ಪರೋಕ್ಷ ಪಂಪಿನ ಪೊರೆಯ ಮೂಲಕ ನೀರು ಮೆಲ್ಲನೆ ಆವಿಯಾಗಿ ಸೋರುವುದನ್ನು ತಡೆಯುವುದು ಈಗ ನಡೆದಿರುವ ಕೆಲಸ.